ಪಂದ್ಯದ ಬೈಸಿಕಲ್ಲು: ಹಳೆಯದು ಮತ್ತು ಹೊಸದು

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿಯುಂಟು. ಮೊದಲು ಒರಟಾದ ಯಂತ್ರವಿತ್ತು. ಬಳಿಕ ಒಬ್ಬ ಬುದ್ಧಿವಂತನು ಅದನ್ನು ತಿದ್ದಿದನು. ಅನಂತರ ಮತ್ತೊಬ್ಬನು ಇನ್ನಷ್ಟು ತಿದ್ದಿದನು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಯಂತ್ರವು ಇಂದಿನ ಸ್ಥಿತಿಗೆ ಬಂದಿತು ಎಂದು ಹೇಳುವುದೇ ಆ ರೂಢಿ. ರಸ್ತೆಯ ಮೇಲೆ ನಡೆಯುವ ಪಂದ್ಯಗಳಿಗಾಗಿ ಮಾಡಿದ ಬೈಸಿಕಲ್ಲಿನ ಚರಿತ್ರೆಯನ್ನೂ ಸಾಮಾನ್ಯವಾಗಿ ಹೀಗೆಯೇ ಹೇಳುತ್ತಾರೆ. ಹಳೆಯದು ಭಾರ, ಹೊಸದು ಹಗುರ. ಹಳೆಯದು ನಿಧಾನ, ಹೊಸದು ವೇಗ ಎಂಬ ಎರಡು ಮಾತುಗಳಲ್ಲಿ ಹೋಲಿಕೆ ಮುಗಿದುಹೋಗುತ್ತದೆ.

ಈ ಮಾತುಗಳು ಸುಳ್ಳಲ್ಲ. ಆದರೆ ಅವು ಸಾಲವು. ಆಧಾರಗಳನ್ನು ವರ್ಷಾನುಕ್ರಮವಾಗಿ ಜೋಡಿಸಿ ನೋಡಿದರೆ, ಇಂದು ಹೊಸತೆನಿಸುವ ಅನೇಕ ಅಂಶಗಳು ಪಂದ್ಯದೊಳಕ್ಕೆ ಬರುವುದಕ್ಕೆ ಬಹುಕಾಲ ಮೊದಲೇ ಇದ್ದವೆಂದು ತಿಳಿದುಬರುತ್ತದೆ. ಅವುಗಳನ್ನು ಹೊರಗೆ ನಿಲ್ಲಿಸಿದ್ದು ಅನೇಕ ವೇಳೆ ಪಂದ್ಯದ ನಿಯಮ. ಆ ನಿಯಮದ ಹಿಂದೆ, ಪಂದ್ಯವು ಅಳೆಯಬೇಕಾದುದು ಮನುಷ್ಯನನ್ನೋ ಯಂತ್ರವನ್ನೋ ಎಂಬ ಪ್ರಶ್ನೆಯಿತ್ತು. ಹಳೆಯ ಮತ್ತು ಹೊಸ ಬೈಸಿಕಲ್ಲುಗಳ ಅಂತರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪಂದ್ಯದ ಪರಂಪರೆ ಮುಖ್ಯವಾಗಿ ಫ್ರಾನ್ಸ್ ಮತ್ತು ಇಟಲಿಗಳಲ್ಲಿ ಬೆಳೆದುದರಿಂದ ನಿದರ್ಶನಗಳೂ ಬಹುಮಟ್ಟಿಗೆ ಅಲ್ಲಿಯವೇ ಆಗಿವೆ.

೨

ಬೈಸಿಕಲ್ಲಿನ ಆಕಾರವು ಬಹು ಬೇಗ ನೆಲೆಗೊಂಡಿತು. ಪ್ಯಾರಿಸ್ಸಿನಿಂದ ರೂಆನ್ ಪಟ್ಟಣದವರೆಗೆ ೧೮೬೯ರಲ್ಲಿ ನಡೆದ ಪಂದ್ಯದಲ್ಲಿ ಬಳಸಿದ ಯಂತ್ರಗಳಲ್ಲಿ ಪೆಡಲು ಮುಂಚಕ್ರಕ್ಕೇ ಸೇರಿಕೊಂಡಿತ್ತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ೧೮೮೫ರಲ್ಲಿ ರೋವರ್ ಎಂಬ ಬೈಸಿಕಲ್ಲನ್ನು ಹೊರತಂದನು. ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳು, ನಡುವೆ ಪೆಡಲು, ಅಲ್ಲಿಂದ ಹಿಂಚಕ್ರಕ್ಕೆ ಚೈನು—ಈ ವ್ಯವಸ್ಥೆ ಅಂದಿನಿಂದ ಬದಲಾಗಿಲ್ಲ. ೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಮೂರು ವರ್ಷಗಳ ತರುವಾಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸುಮಾರು ೧,೨೦೦ ಕಿ.ಮೀ. ದೂರದ ಪಂದ್ಯದಲ್ಲಿ ಶಾರ್ಲ್ ತೆರೋಂ ಎಂಬವನು ಮಿಷೆಲಿನ್ ಕಂಪನಿಯ ಕಳಚಿ ಹಾಕಬಹುದಾದ ಟೈರುಗಳ ಮೇಲೆ ಓಡಿ ಗೆದ್ದನು. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ತ್ರಿಕೋನಗಳಿಂದ ಕೂಡಿದ ಚೌಕಟ್ಟೂ ರೂಢಿಗೆ ಬಂದಿತ್ತು. ಆ ಕಾಲದ ಸವಾರನಿಗೆ ಇಂದಿನ ಬೈಸಿಕಲ್ಲನ್ನು ತೋರಿಸಿದರೆ ಅದೇನೆಂದು ಅವನು ಕೇಳಬೇಕಾದ ಪ್ರಮೇಯವೇ ಇರಲಿಲ್ಲ.

೧೯೦೩ರಲ್ಲಿ ‘ಲೋಟೊ’ ಪತ್ರಿಕೆಯ ಸಂಪಾದಕನಾದ ಆನ್ರಿ ಡೆಗ್ರಾಂಜ್ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದನು. ಆರು ಹಂತಗಳಲ್ಲಿ ೨,೪೨೮ ಕಿ.ಮೀ. ಕ್ರಮಿಸಬೇಕಾಗಿತ್ತು. ಮೊದಲನೆಯ ಹಂತವಾದ ಪ್ಯಾರಿಸ್–ಲಿಯೋಂ ಮಾರ್ಗವೇ ೪೬೭ ಕಿ.ಮೀ. ಇತ್ತು. ಹೊರಟ ಅರವತ್ತು ಮಂದಿಯಲ್ಲಿ ಇಪ್ಪತ್ತೊಂದು ಮಂದಿ ಮಾತ್ರ ಕೊನೆ ಮುಟ್ಟಿದರು. ಗೆದ್ದ ಮೋರಿಸ್ ಗಾರಿನ್‌ನ ಸರಾಸರಿ ವೇಗ ಗಂಟೆಗೆ ಸುಮಾರು ೨೫.೭ ಕಿ.ಮೀ. ಡಾಂಬರಿಲ್ಲದ ರಸ್ತೆ, ರಾತ್ರಿಯ ಕತ್ತಲೆ, ಒಂದೇ ಗೇರು, ಬಗಲಿಗೆ ಕಟ್ಟಿಕೊಂಡ ಬದಲಿ ಟೈರು—ಇವುಗಳನ್ನು ನೆನೆದರೆ ಆ ವೇಗ ಅಲ್ಪವೆಂದು ಹೇಳಲಾಗುವುದಿಲ್ಲ.

೩

ಡೆಗ್ರಾಂಜನಿಗೆ ಪಂದ್ಯದ ಬಗ್ಗೆ ಸ್ಪಷ್ಟವಾದ ಸಿದ್ಧಾಂತವಿತ್ತು. ಗೆಲ್ಲಬೇಕಾದವನು ಮನುಷ್ಯ, ಯಂತ್ರವು ಅವನ ಸಾಮರ್ಥ್ಯವನ್ನು ಹೊರಗೆಡಹುವ ಸಲಕರಣೆ ಮಾತ್ರ. ಆದ್ದರಿಂದ ಸವಾರನು ಯಾರ ನೆರವನ್ನೂ ಪಡೆಯಕೂಡದು, ಮುರಿದುದನ್ನು ತಾನೇ ಸರಿಪಡಿಸಿಕೊಳ್ಳಬೇಕು ಎಂದು ನಿಯಮವಾಯಿತು. ೧೯೧೦ರಲ್ಲಿ ಪಂದ್ಯವು ಪಿರನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳನ್ನು ಹತ್ತಿದ ಮೇಲೆ ಈ ನಿಯಮದ ಕಾಠಿಣ್ಯ ಪ್ರಕಟವಾಯಿತು.

ಇದಕ್ಕೆ ಪ್ರಸಿದ್ಧ ನಿದರ್ಶನ ೧೯೧೩ರದು. ಗೆಲ್ಲುವ ಭರವಸೆಯಿದ್ದ ಯೂಜೀನ್ ಕ್ರಿಸ್ಟೋಫ್ ಟೂರ್ಮಲೆ ಪರ್ವತವನ್ನು ಇಳಿಯುತ್ತಿದ್ದಾಗ ಅವನ ಬೈಸಿಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಅವನು ಬೈಸಿಕಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತು ಕಿ.ಮೀ.ಗೂ ಹೆಚ್ಚು ದೂರ ನಡೆದು, ಸೇಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕಮ್ಮಾರಸಾಲೆಗೆ ಬಂದನು. ಅಧಿಕಾರಿಗಳು ನೋಡುತ್ತ ನಿಂತಿರಲು, ತಾನೇ ಕಬ್ಬಿಣವನ್ನು ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದನು. ಹಲವು ಗಂಟೆಗಳು ಕಳೆದುಹೋದವು. ಕೆಲಸದ ನಡುವೆ ಒಬ್ಬ ಹುಡುಗನು ತಿದಿಯನ್ನು ಒತ್ತಿದನೆಂಬ ಕಾರಣಕ್ಕೆ ದಂಡವೂ ಬಿದ್ದಿತು. ಈ ಪ್ರಸಂಗವನ್ನು ಸಾಮಾನ್ಯವಾಗಿ ವೀರಗಾಥೆಯಾಗಿ ಹೇಳುತ್ತಾರೆ. ಚರಿತ್ರೆಯ ವಿದ್ಯಾರ್ಥಿಗೆ ಇದರಲ್ಲಿ ಇನ್ನೆರಡು ಅಂಶಗಳು ಗಮನಾರ್ಹ. ಒಂದು, ಅಂದಿನ ಪಂದ್ಯದ ಯಂತ್ರವನ್ನು ಹಳ್ಳಿಯ ಕುಲುಮೆಯಲ್ಲಿ ದುರಸ್ತಿ ಮಾಡಬಹುದಾಗಿತ್ತು. ಎರಡು, ನಿಯಮವು ಸವಾರನ ಕಾಲಿನ ಶಕ್ತಿಯ ಜೊತೆಗೆ ಅವನ ಕೈಕೆಲಸವನ್ನೂ ಪರೀಕ್ಷಿಸುತ್ತಿತ್ತು.

ಗೇರಿನ ವಿಷಯದಲ್ಲಿ ಈ ಸಿದ್ಧಾಂತವು ಇನ್ನೂ ದೀರ್ಘಕಾಲದ ಪರಿಣಾಮವನ್ನುಂಟುಮಾಡಿತು. ಸೇಂಟ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಿಂದ ಬರೆಯುತ್ತಿದ್ದವನು, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಅನೇಕ ಗೇರುಗಳ ಬೈಸಿಕಲ್ಲನ್ನು ಪ್ರತಿಪಾದಿಸಿದನು. ಬೆಟ್ಟವನ್ನು ಹತ್ತುವಾಗ ಸಣ್ಣ ಗೇರು, ಬಯಲಿನಲ್ಲಿ ದೊಡ್ಡ ಗೇರು. ಕಾಲು ಮಾತ್ರ ಒಂದೇ ಲಯದಲ್ಲಿ ತಿರುಗಬೇಕು ಎಂಬುದು ಅವನ ವಾದ. ಫ್ರಾನ್ಸಿನ ಪ್ರವಾಸೀ ಸವಾರರು ಇದನ್ನು ಒಪ್ಪಿ ಬಳಸಿದರು. ಡೆಗ್ರಾಂಜನು ಒಪ್ಪಲಿಲ್ಲ. ಗೇರು ಬದಲಾಯಿಸುವ ಸಾಧನವು ವಯಸ್ಸಾದವರಿಗೆ ತಕ್ಕದ್ದು, ಪಂದ್ಯದವರಿಗೆ ಸಲ್ಲದು ಎಂಬುದು ಅವನ ನಿಲುವು. ಆದಕಾರಣ ಟೂರ್ ದ ಫ್ರಾನ್ಸಿನ ಸವಾರರು ಹಿಂಚಕ್ರದ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಅಳತೆಯ ಹಲ್ಲುಗಾಲಿಗಳನ್ನಿಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರವನ್ನು ಬಿಚ್ಚಿ, ತಿರುಗಿಸಿ ಹಾಕಿ, ಮತ್ತೆ ಹತ್ತುತ್ತಿದ್ದರು. ಇಟಲಿಯ ತುಲ್ಲಿಯೊ ಕಂಪನ್ಯೋಲೊ ಎಂಬ ಸವಾರನು ೧೯೨೭ರಲ್ಲಿ ಹಿಮ ಬಿದ್ದ ಕಣಿವೆದಾರಿಯೊಂದರಲ್ಲಿ ಚಳಿಯಿಂದ ಬೆರಳು ಮರಗಟ್ಟಿ ಚಕ್ರದ ತಿರುಪನ್ನು ಬಿಚ್ಚಲಾರದೆ ಸೋತನೆಂದೂ, ಒಂದೇ ಹಿಡಿಯನ್ನು ಎಳೆದರೆ ಚಕ್ರ ಕಳಚಿಬರುವ ಅಚ್ಚನ್ನು ಅದರಿಂದಲೇ ಯೋಚಿಸಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಹೇಗಾದರೂ ಇರಲಿ, ಅಂಥ ಅಚ್ಚು ೧೯೩೦ರ ದಶಕದಲ್ಲಿ ಬಳಕೆಗೆ ಬಂದು ಇಂದಿಗೂ ಉಳಿದಿದೆ.

ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ ಡಿರೇಲರ್ ಎಂದು ಹೆಸರು. ೧೯೩೬ರಲ್ಲಿ ಡೆಗ್ರಾಂಜನು ಅನಾರೋಗ್ಯದಿಂದ ಹಿಂದೆ ಸರಿದು ಜಾಕ್ ಗೊಡೆ ಆ ಸ್ಥಾನಕ್ಕೆ ಬಂದನು. ಮರುವರ್ಷವೇ, ಎಂದರೆ ೧೯೩೭ರಲ್ಲಿ, ಡಿರೇಲರಿಗೆ ಟೂರ್ ದ ಫ್ರಾನ್ಸಿನಲ್ಲಿ ಅನುಮತಿ ದೊರೆಯಿತು. ಅದನ್ನು ಬಳಸಿದ ರೊಜೆ ಲಪೆಬಿ ಆ ವರ್ಷ ಗೆದ್ದನು. ಪ್ರವಾಸೀ ಸವಾರನು ಮೂವತ್ತು ವರ್ಷಗಳಿಗೂ ಹಿಂದೆ ಅನುಭವಿಸಿದ ಅನುಕೂಲವು ಪಂದ್ಯದ ವೀರನಿಗೆ ಅಂದು ಲಭಿಸಿತು. ಕಂಡುಹಿಡಿದ ಕಾಲವೂ ಒಪ್ಪಿಕೊಂಡ ಕಾಲವೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

೪

೧೯೩೭ರಿಂದ ೧೯೮೦ರವರೆಗಿನ ಕಾಲವನ್ನು ಉಕ್ಕಿನ ಬೈಸಿಕಲ್ಲಿನ ಯುಗವೆನ್ನಬಹುದು. ಇಂದು ಹಳೆಯ ಪಂದ್ಯದ ಬೈಸಿಕಲ್ಲೆಂದು ಜನರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಈ ಯುಗದ ಯಂತ್ರವೇ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯು ೧೮೯೭ರಲ್ಲಿ ಒಂದು ವಿಶೇಷವಾದ ಕೊಳವೆಗೆ ಹಕ್ಕುಪತ್ರ ಪಡೆದಿತ್ತು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು. ಹೊರಗಿನಿಂದ ನೋಡಿದರೆ ಎಲ್ಲೆಡೆಯೂ ಒಂದೇ ಸಮ. ಬಲ ಬೇಕಾದಲ್ಲಿ ಲೋಹವನ್ನಿಟ್ಟು ಬೇಡವಾದಲ್ಲಿ ತೆಗೆಯುವ ಈ ಉಪಾಯವೇ ಹಗುರವಾದ ಚೌಕಟ್ಟಿನ ಮೂಲ. ೧೯೩೫ರಲ್ಲಿ ಅದೇ ಕಂಪನಿಯು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆತ ೫೩೧ ಎಂಬ ಉಕ್ಕನ್ನು ಹೊರತಂದಿತು. ಇಟಲಿಯಲ್ಲಿ ಕೊಲಂಬಸ್ ಕಂಪನಿಯ ಕೊಳವೆಗಳು ಅಷ್ಟೇ ಹೆಸರು ಪಡೆದವು. ಕುಶಲಿಯಾದ ಕೆಲಸಗಾರನು ಇವನ್ನು ಕೀಲುಗೂಡುಗಳಲ್ಲಿ ಸೇರಿಸಿ ಹಿತ್ತಾಳೆ ಇಲ್ಲವೆ ಬೆಳ್ಳಿಯ ಮಿಶ್ರಲೋಹದಿಂದ ಬೆಸೆಯುತ್ತಿದ್ದನು. ಸವಾರನ ಮೈಯಳತೆಯನ್ನು ತೆಗೆದುಕೊಂಡು, ದರ್ಜಿಯು ಅಂಗಿಯನ್ನು ಹೊಲಿಯುವಂತೆ, ಚೌಕಟ್ಟನ್ನು ಮಾಡಿಕೊಡುವ ಪದ್ಧತಿಯಿತ್ತು.

ಸಿದ್ಧವಾದ ಬೈಸಿಕಲ್ಲು ಸುಮಾರು ಹತ್ತು ಕಿ.ಗ್ರಾಂ ತೂಗುತ್ತಿತ್ತು. ಗೇರು ಬದಲಾಯಿಸುವ ಹಿಡಿಗಳು ಚೌಕಟ್ಟಿನ ಕೆಳಕೊಳವೆಯ ಮೇಲಿದ್ದವು. ಅವುಗಳಿಗೆ ನಿಶ್ಚಿತವಾದ ನಿಲ್ದಾಣಗಳಿರಲಿಲ್ಲ. ಸವಾರನು ಹ್ಯಾಂಡಲಿನಿಂದ ಕೈ ತೆಗೆದು, ಬಾಗಿ, ಚೈನು ಸರಿಯಾದ ಹಲ್ಲಿಗೆ ಕೂತಿತೆಂಬುದನ್ನು ಕಿವಿಯಿಂದಲೂ ಬೆರಳಿನಿಂದಲೂ ತಿಳಿಯಬೇಕಾಗಿತ್ತು. ಪಾದವನ್ನು ಪೆಡಲಿಗೆ ಲೋಹದ ಪಂಜರ ಮತ್ತು ತೊಗಲಿನ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಮುಂದೆ ಎರಡು, ಹಿಂದೆ ಐದು ಹಲ್ಲುಗಾಲಿಗಳು. ಒಟ್ಟು ಹತ್ತು ಗೇರು.

೫

೧೯೮೪ರ ಸುಮಾರಿನಿಂದ ಬದಲಾವಣೆಗಳು ಒಂದರ ಮೇಲೊಂದು ಬಂದವು. ಆ ವರ್ಷ ಜಪಾನಿನ ಶಿಮಾನೊ ಕಂಪನಿಯು ಒಂದು ಟಿಕ್ಕೆಂಬ ಸದ್ದಿಗೆ ಒಂದು ಗೇರು ಬದಲಾಗುವ ವ್ಯವಸ್ಥೆಯನ್ನು ಪಂದ್ಯದ ಬೈಸಿಕಲ್ಲಿಗೆ ಅಳವಡಿಸಿತು. ೧೯೯೦ರಲ್ಲಿ ಗೇರಿನ ಹಿಡಿಯು ಬ್ರೇಕಿನ ಹಿಡಿಯೊಡನೆ ಕೂಡಿಕೊಂಡಿತು; ಸವಾರನು ಕೈ ತೆಗೆಯುವ ಅಗತ್ಯ ತಪ್ಪಿತು. ೧೯೮೫ರಲ್ಲಿ ಬೆರ್ನಾರ್ ಇನೋ, ಬೂಟಿನ ಅಟ್ಟೆಯನ್ನು ನೇರವಾಗಿ ಕಚ್ಚಿ ಹಿಡಿಯುವ ಲುಕ್ ಕಂಪನಿಯ ಪೆಡಲುಗಳೊಡನೆ ಟೂರ್ ಗೆದ್ದನು. ೧೯೮೯ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್, ಮುಂದಕ್ಕೆ ಚಾಚಿದ ಹ್ಯಾಂಡಲಿನ ಮೇಲೆ ಮೊಣಕೈಗಳನ್ನು ಒಟ್ಟುಗೂಡಿಸಿ ಬಾಗಿ ಓಡಿದನು. ವರ್ಸೈಯಿಂದ ಪ್ಯಾರಿಸ್ಸಿಗೆ ೨೪.೫ ಕಿ.ಮೀ. ದೂರದ ಕೊನೆಯ ಹಂತದಲ್ಲಿ ಐವತ್ತು ಸೆಕೆಂಡುಗಳ ಹಿನ್ನಡೆಯನ್ನು ತುಂಬಿಕೊಂಡು, ಲೊರಾಂ ಫಿನ್ಯೋಂನನ್ನು ಎಂಟು ಸೆಕೆಂಡುಗಳಿಂದ ಸೋಲಿಸಿದನು. ಚೌಕಟ್ಟುಗಳಲ್ಲಿ ಉಕ್ಕಿನ ಸ್ಥಾನಕ್ಕೆ ಮೊದಲು ಅಲ್ಯೂಮಿನಿಯಮ್, ಅನಂತರ ಕಾರ್ಬನ್ ನೂಲನ್ನು ಅಂಟಿನಲ್ಲಿ ನೆನೆಸಿ ಅಚ್ಚಿನಲ್ಲಿ ಗಟ್ಟಿಗೊಳಿಸಿದ ವಸ್ತು ಬಂದವು. ೨೦೦೯ರಲ್ಲಿ ಶಿಮಾನೊ ಕಂಪನಿಯ ವಿದ್ಯುತ್ತಿನ ಗೇರು ಮಾರುಕಟ್ಟೆಗೆ ಬಂದಿತು. ೨೦೧೮ರಲ್ಲಿ ಡಿಸ್ಕ್ ಬ್ರೇಕಿಗೆ ರಸ್ತೆಯ ಪಂದ್ಯಗಳಲ್ಲಿ ಪೂರ್ಣ ಅನುಮತಿ ದೊರೆಯಿತು.

ಇವುಗಳಿಂದ ದೊರೆತ ಲಾಭವೆಷ್ಟು? ಮೊದಲು ತೂಕವನ್ನು ಪರಿಶೀಲಿಸೋಣ. ಎಪ್ಪತ್ತು ಕಿ.ಗ್ರಾಂ ತೂಗುವ ಸವಾರನು ಹತ್ತು ಕಿ.ಗ್ರಾಂ ಬೈಸಿಕಲ್ಲಿನ ಮೇಲಿದ್ದರೆ ಒಟ್ಟು ಎಂಬತ್ತು, ಏಳು ಕಿ.ಗ್ರಾಂ ಬೈಸಿಕಲ್ಲಿನ ಮೇಲಿದ್ದರೆ ಎಪ್ಪತ್ತೇಳು. ವ್ಯತ್ಯಾಸವು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಕಡಿದಾದ ಏರಿನಲ್ಲಿ ಶಕ್ತಿಯ ಬಹುಪಾಲು ಭಾರವನ್ನು ಎತ್ತುವುದಕ್ಕೇ ವ್ಯಯವಾಗುವುದರಿಂದ ಕಾಲವೂ ಸುಮಾರಾಗಿ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ೧೩.೮ ಕಿ.ಮೀ. ಉದ್ದದ ಆಲ್ಪ್ ದ್ಯುಯೇಜ್ ಏರನ್ನು ನಲವತ್ತು ನಿಮಿಷಗಳಲ್ಲಿ ಹತ್ತುವವನಿಗೆ ಒಂದೂವರೆ ನಿಮಿಷದಷ್ಟು ಲಾಭ. ಪಂದ್ಯದಲ್ಲಿ ಇದು ದೊಡ್ಡದೇ. ಆದರೆ ಜನರು ಊಹಿಸುವಷ್ಟು ದೊಡ್ಡದಲ್ಲ. ಸಮತಟ್ಟಾದ ರಸ್ತೆಯಲ್ಲಂತೂ ತೂಕದ ಪಾತ್ರ ಅತ್ಯಲ್ಪ. ಅಲ್ಲಿ ಮುಖ್ಯ ಶತ್ರು ಗಾಳಿ. ಗಾಳಿಯನ್ನು ಭೇದಿಸುವುದಕ್ಕೆ ಬೇಕಾದ ಶಕ್ತಿಯು ವೇಗದ ಘನದಂತೆ ಏರುತ್ತದೆ. ಆದುದರಿಂದ ಗಾಳಿಯ ತಡೆಯನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಿದರೂ ವೇಗ ಹೆಚ್ಚುವುದು ನೂರಕ್ಕೆ ಮೂರೂವರೆಗಿಂತ ಮೀರದು. ಈ ತಡೆಯ ಬಹುಪಾಲು ಸವಾರನ ದೇಹದ್ದೇ ಹೊರತು ಬೈಸಿಕಲ್ಲಿನದಲ್ಲ. ಲೆಮಾಂಡನ ಹ್ಯಾಂಡಲಿನ ಮಹತ್ವ ಇಲ್ಲಿದೆ. ಅದು ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯನ ಆಕಾರವನ್ನು ಬದಲಾಯಿಸಿತು.

ಗೇರಿನ ವ್ಯತ್ಯಾಸವು ಇನ್ನೊಂದು ಬಗೆಯದು. ಚಕ್ರದ ಸುತ್ತಳತೆಯನ್ನು ೨.೧ ಮೀಟರೆಂದು ಇಟ್ಟುಕೊಂಡರೆ, ಮುಂದೆ ೪೨ ಹಿಂದೆ ೨೧ ಹಲ್ಲುಗಳಿದ್ದ ಹಳೆಯ ಕನಿಷ್ಠ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ೪.೨ ಮೀಟರು ಮುಂದೆ ಸಾಗಬೇಕು. ೩೬ ಮತ್ತು ೩೪ ಹಲ್ಲುಗಳ ಇಂದಿನ ಕನಿಷ್ಠ ಗೇರಿನಲ್ಲಿ ೨.೨ ಮೀಟರು ಸಾಕು. ಹಳೆಯ ಸವಾರನು ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಿದ್ದುದು ಶೈಲಿಗಾಗಿ ಅಲ್ಲ, ಬೇರೆ ದಾರಿಯಿಲ್ಲದೆ. ಇಪ್ಪತ್ತನಾಲ್ಕು ಗೇರುಗಳ ಇಂದಿನ ಯಂತ್ರವು ಕುಳಿತೇ ಹತ್ತುವ ಅವಕಾಶವನ್ನು ಕೊಟ್ಟಿದೆ. ಇದರ ಉಪಕಾರ ಸಾಧಾರಣ ಸವಾರನಿಗೇ ಹೆಚ್ಚು; ವೆಲೋಸಿಯೊ ಬಯಸಿದ್ದೂ ಇದನ್ನೇ.

ಟೈರಿನ ಚರಿತ್ರೆ ಮತ್ತೂ ವಿಚಿತ್ರ. ತೆಳುವಾದ ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿದಷ್ಟೂ ವೇಗ ಹೆಚ್ಚೆಂಬ ನಂಬಿಕೆಯಿಂದ ೧೯೮೦–೯೦ರ ದಶಕಗಳಲ್ಲಿ ೨೦ರಿಂದ ೨೩ ಮಿಲಿಮೀಟರಿನ ಟೈರುಗಳು ರೂಢಿಯಲ್ಲಿದ್ದವು. ಒರಟು ರಸ್ತೆಯಲ್ಲಿ ಅಂಥ ಟೈರು ಸವಾರನ ದೇಹವನ್ನೆಲ್ಲ ಕುಲುಕಿ ಅಷ್ಟು ಶಕ್ತಿಯನ್ನು ವ್ಯರ್ಥಗೊಳಿಸುತ್ತದೆಂಬುದು ಈಚೆಗೆ ಮನದಟ್ಟಾಗಿ, ಇಂದು ೨೮ ಮಿಲಿಮೀಟರು ಅಥವಾ ಅದಕ್ಕೂ ಅಗಲವಾದ ಟೈರಿಗೆ ಕಡಿಮೆ ಗಾಳಿ ತುಂಬುತ್ತಾರೆ. ಫ್ರಾನ್ಸಿನ ಪ್ರವಾಸೀ ಸವಾರರು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಅಗಲವಾದ, ಮೆತ್ತನೆಯ ಟೈರುಗಳನ್ನು ಮೆಚ್ಚಿದ್ದರು. ಈ ಒಂದು ವಿಷಯದಲ್ಲಿ ಹೊಸ ಯಂತ್ರವು ಹಳೆಯದರ ಕಡೆಗೇ ಮರಳಿದೆ.

೬

ಯಂತ್ರದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಪಂದ್ಯದ ಸರಾಸರಿ ವೇಗದಿಂದ ತಿಳಿಯಲಾಗದು. ಟೂರ್ ದ ಫ್ರಾನ್ಸಿನ ವೇಗ ೧೯೦೩ರ ೨೫.೭ರಿಂದ ೨೦೨೨ರಲ್ಲಿ ಗಂಟೆಗೆ ೪೨ ಕಿ.ಮೀ.ಗೆ ಏರಿದೆಯಾದರೂ, ೧೯೨೬ರಲ್ಲಿ ೫,೭೪೫ ಕಿ.ಮೀ. ಇದ್ದ ಮಾರ್ಗವು ಈಗ ೩,೪೦೦ ಕಿ.ಮೀ.ಗಳ ಆಸುಪಾಸಿಗೆ ಇಳಿದಿದೆ. ರಸ್ತೆ, ಆಹಾರ, ಅಭ್ಯಾಸಕ್ರಮ ಎಲ್ಲವೂ ಬದಲಾಗಿವೆ. ಮದ್ದುಗಳ ಸೇವನೆಯೂ ಈ ಚರಿತ್ರೆಯನ್ನು ಕಲುಷಿತಗೊಳಿಸಿದೆ. ೧೯೯೯ರಿಂದ ೨೦೦೫ರವರೆಗಿನ ಏಳು ಗೆಲುವುಗಳನ್ನು ೨೦೧೨ರಲ್ಲಿ ರದ್ದುಪಡಿಸಬೇಕಾಯಿತು. ಆದ್ದರಿಂದ ರಸ್ತೆಯನ್ನು ಬಿಟ್ಟು, ಸುತ್ತುಪಥದಲ್ಲಿ ಒಬ್ಬನೇ ಸವಾರನು ಒಂದು ಗಂಟೆಯಲ್ಲಿ ಕ್ರಮಿಸಿದ ದೂರದ ದಾಖಲೆಯನ್ನು ನೋಡುವುದು ಯುಕ್ತ. ಅಲ್ಲಿಯ ಯಂತ್ರಕ್ಕೆ ಗೇರೂ ಬ್ರೇಕೂ ಇಲ್ಲದಿದ್ದರೂ ಎದುರಿಸುವ ಗಾಳಿ ಒಂದೇ.

೧೯೩೩ರಲ್ಲಿ ಫ್ರಾನ್ಸಿಸ್ ಫೋರ್ ಎಂಬವನು ಶಾರ್ಲ್ ಮೋಶೆ ರಚಿಸಿದ, ಒರಗಿ ಮಲಗಿದಂತೆ ಕುಳಿತು ತುಳಿಯುವ ಯಂತ್ರದ ಮೇಲೆ ಗಂಟೆಗೆ ೪೫.೦೫೫ ಕಿ.ಮೀ. ಕ್ರಮಿಸಿ, ೧೯೧೪ರಿಂದ ನಿಂತಿದ್ದ ಆಸ್ಕರ್ ಎಗ್‌ನ ದಾಖಲೆಯನ್ನು ಮೀರಿದನು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಮರುವರ್ಷ, ಅದು ಬೈಸಿಕಲ್ಲೇ ಅಲ್ಲವೆಂದು ತೀರ್ಮಾನಿಸಿತು. ಬೈಸಿಕಲ್ಲೆಂದರೇನು ಎಂಬ ಪ್ರಶ್ನೆಗೆ ಹೀಗೆ ಉತ್ತರ ಕೊಟ್ಟದ್ದು ಕಾರ್ಖಾನೆಯಲ್ಲ, ಸಭೆ.

೧೯೭೨ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಉಕ್ಕಿನ ಬೈಸಿಕಲ್ಲಿನ ಮೇಲೆ ೪೯.೪೩೧ ಕಿ.ಮೀ. ಓಡಿದನು. ೧೯೮೪ರಲ್ಲಿ ಫ್ರಾನ್ಚೆಸ್ಕೊ ಮೋಸೆರ್ ತಟ್ಟೆಯಂಥ ಚಕ್ರಗಳ ನೆರವಿನಿಂದ ೫೧.೧೫೧ ಮುಟ್ಟಿದನು. ಸ್ಕಾಟ್‌ಲೆಂಡಿನ ಗ್ರೇಮ್ ಓಬ್ರಿ ತಾನೇ ಮಾಡಿದ ಯಂತ್ರದಲ್ಲಿ ೧೯೯೩ರಲ್ಲಿ ೫೧.೫೯೬ ಕ್ರಮಿಸಿದನು, ಕೈಗಳನ್ನು ಎದೆಯಡಿ ಮಡಿಸಿಕೊಳ್ಳುವ ಅವನ ಭಂಗಿಯನ್ನು ಮರುವರ್ಷ ನಿಷೇಧಿಸಲಾಯಿತು. ೧೯೯೬ರಲ್ಲಿ ಕ್ರಿಸ್ ಬೋರ್ಡ್‌ಮನ್ ಕೈಗಳನ್ನು ಪೂರ್ತಿ ಮುಂದಕ್ಕೆ ಚಾಚಿ ೫೬.೩೭೫ ಕಿ.ಮೀ. ಓಡಿದನು. ಇದು ಮನುಷ್ಯನ ದಾಖಲೆಯಲ್ಲ, ಯಂತ್ರದ ದಾಖಲೆ ಎಂಬ ಅಭಿಪ್ರಾಯ ಬಲವಾಗಿ, ೨೦೦೦ದಲ್ಲಿ ಒಕ್ಕೂಟವು ಮರ್ಕ್ಸ್‌ನ ಕಾಲದ ರೀತಿಯ ಬೈಸಿಕಲ್ಲಿನ ಮೇಲೆಯೇ ದಾಖಲೆ ಮಾಡತಕ್ಕದ್ದೆಂದು ವಿಧಿಸಿತು. ಅದೇ ಬೋರ್ಡ್‌ಮನ್ ಅದೇ ಮ್ಯಾಂಚೆಸ್ಟರಿನಲ್ಲಿ ಆ ವರ್ಷ ಹಳೆಯ ರೀತಿಯ ಯಂತ್ರವನ್ನೇರಿ ೪೯.೪೪೧ ಕಿ.ಮೀ. ಕ್ರಮಿಸಿದನು, ಮರ್ಕ್ಸ್‌ನಿಗಿಂತ ಹತ್ತೇ ಮೀಟರು ಹೆಚ್ಚು.

ಒಬ್ಬನೇ ಮನುಷ್ಯ, ನಾಲ್ಕು ವರ್ಷಗಳ ಅಂತರ, ಎರಡು ಬಗೆಯ ಯಂತ್ರ. ವ್ಯತ್ಯಾಸ ಸುಮಾರು ಏಳು ಕಿ.ಮೀ. ಇಪ್ಪತ್ತೆಂಟರ ವಯಸ್ಸಿನವನು ಮೂವತ್ತೆರಡಕ್ಕೆ ಬಂದಿದ್ದನೆಂಬುದನ್ನೂ, ಮರ್ಕ್ಸ್ ಓಡಿದ್ದು ಎತ್ತರದ ಊರಿನ ತೆಳುವಾದ ಗಾಳಿಯಲ್ಲೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ, ಯಂತ್ರ ಮತ್ತು ಭಂಗಿಗಳು ಕೂಡಿ ಎಷ್ಟು ಮಾಡಬಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪರೀಕ್ಷೆ ಚರಿತ್ರೆಯಲ್ಲಿ ಸುಲಭವಾಗಿ ದೊರೆಯದು. ೨೦೧೪ರಲ್ಲಿ ನಿಯಮವು ಮತ್ತೆ ಸಡಿಲವಾಯಿತು; ೨೦೨೨ರಲ್ಲಿ ಫಿಲಿಪ್ಪೊ ಗನ್ನಾ ೫೬.೭೯೨ ಕಿ.ಮೀ. ಓಡಿ ಬೋರ್ಡ್‌ಮನ್ನನ ಹಳೆಯ ಅಂಕಿಯನ್ನೂ ದಾಟಿದನು.

ರಸ್ತೆಯ ಬೈಸಿಕಲ್ಲಿಗೂ ಇಂಥ ಗೆರೆಗಳನ್ನು ಎಳೆಯಲಾಗಿದೆ. ೧೯೯೬ರ ಲುಗಾನೊ ಘೋಷಣೆಯು ಪಂದ್ಯದಲ್ಲಿ ಮನುಷ್ಯನಿಗೇ ಪ್ರಾಧಾನ್ಯವೆಂದು ಸಾರಿತು. ಅದನ್ನನುಸರಿಸಿ ೨೦೦೦ದಿಂದ ಬೈಸಿಕಲ್ಲು ೬.೮ ಕಿ.ಗ್ರಾಂಗಿಂತ ಹಗುರವಾಗಿರಕೂಡದೆಂದಾಯಿತು. ಮರ್ಕ್ಸ್‌ನ ೧೯೭೨ರ ಸುತ್ತುಪಥದ ಯಂತ್ರವು ಆರು ಕಿ.ಗ್ರಾಂಗಿಂತ ಕಡಿಮೆಯಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ೨೦೨೫ರಲ್ಲಿ ಒಕ್ಕೂಟವು ಅತಿ ದೊಡ್ಡ ಗೇರಿಗೆ ಮಿತಿಯನ್ನು ಪ್ರಯೋಗವಾಗಿ ವಿಧಿಸಹೊರಟಾಗ, ತಯಾರಕ ಕಂಪನಿಯೊಂದರ ದೂರಿನ ಮೇಲೆ ಬೆಲ್ಜಿಯಮ್ಮಿನ ಸ್ಪರ್ಧಾ ಪ್ರಾಧಿಕಾರವು ಅದನ್ನು ತಡೆಹಿಡಿಯಿತು. ಡೆಗ್ರಾಂಜನ ಕಾಲದ ವಿವಾದ ಇನ್ನೂ ಮುಗಿದಿಲ್ಲ. ಆದರೆ ಅಂದು ಒಬ್ಬ ಸಂಪಾದಕನ ಮಾತು ನಡೆಯುತ್ತಿದ್ದಲ್ಲಿ ಇಂದು ಕಂಪನಿಗಳೂ ಕಾನೂನೂ ಪಾಲುಗೊಳ್ಳುತ್ತವೆ.

೭

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಹೊಸ ಬೈಸಿಕಲ್ಲು ಹೆಚ್ಚು ವೇಗದ್ದು, ಮಳೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದ ಬ್ರೇಕುಳ್ಳದ್ದು, ಏರಿನಲ್ಲಿ ಹೆಚ್ಚು ದಯೆಯುಳ್ಳದ್ದು. ಇದನ್ನು ನಿರಾಕರಿಸುವುದು ಹಳತರ ಮೇಲಣ ಮೋಹವಾದೀತು. ಆದರೆ ಹಳೆಯದರಲ್ಲಿದ್ದ ಒಂದು ಗುಣವನ್ನು ಹೊಸದು ಕಳೆದುಕೊಂಡಿದೆ. ಉಕ್ಕಿನ ಕೊಳವೆಯು ಬಗ್ಗಿದರೆ ಕಣ್ಣಿಗೆ ಕಾಣುತ್ತದೆ, ಮುರಿದರೆ ಬೆಸೆಯಬಹುದು, ಸವೆದ ಭಾಗಕ್ಕೆ ಬೇರೆ ಕಂಪನಿಯ ಭಾಗವನ್ನು ಹೊಂದಿಸಬಹುದು. ಕಾರ್ಬನ್ನಿನ ಚೌಕಟ್ಟಿಗೆ ಒಳಗೆ ಬಿರುಕಾದರೆ ಹೊರಗೆ ತೋರದೆ ಇರಬಹುದು. ಅದನ್ನು ಸರಿಪಡಿಸುವುದಕ್ಕೆ ವಿಶೇಷ ತಜ್ಞರು ಬೇಕು. ಕ್ರಿಸ್ಟೋಫನು ಇಂದು ಆ ಹಳ್ಳಿಗೆ ಬಂದರೆ ಕುಲುಮೆಯಿಂದ ಅವನಿಗೆ ಯಾವ ಪ್ರಯೋಜನವೂ ಆಗದು.

ಇದು ಪರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ವಿಜಯಪುರ, ಬಾಗಲಕೋಟೆಗಳ ಕಡೆಯ ಸೈಕಲ್ ಪಟುಗಳು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದ್ದಾರೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಹೋಗಬಯಸುವ ಅಲ್ಲಿಯ ರೈತನ ಮಗನಿಗೂ ಅನ್ವಯಿಸುವುದು ಅದೇ ನಿಯಮಾವಳಿ. ನಿಯಮವು ಯಂತ್ರಕ್ಕೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಷ್ಟೂ ಹಣವುಳ್ಳವನ ಅನುಕೂಲ ಹೆಚ್ಚುತ್ತದೆ. ತೀರ ಬಿಗಿಗೊಳಿಸಿದರೆ, ೧೯೩೭ಕ್ಕೆ ಮೊದಲು ಆದಂತೆ, ಎಲ್ಲರಿಗೂ ಉಪಯುಕ್ತವಾದ ಸಾಧನವೇ ಹೊರಗುಳಿಯುತ್ತದೆ. ಡೆಗ್ರಾಂಜನು ೧೯೩೦ರಲ್ಲಿ ಎಲ್ಲ ಸವಾರರಿಗೂ ಹೆಸರಿಲ್ಲದ ಒಂದೇ ಬಗೆಯ ಹಳದಿ ಬೈಸಿಕಲ್ಲುಗಳನ್ನು ಕೊಡಿಸಿದ್ದನು. ಗೇರಿನ ವಿಷಯದಲ್ಲಿ ಅವನದು ಹಟವೆಂದು ಕಾಲವು ತೋರಿಸಿಕೊಟ್ಟಿತು. ಎಲ್ಲರಿಗೂ ಸಮವಾದ ಯಂತ್ರ ದೊರೆಯಬೇಕೆಂಬ ಅವನ ಆಶಯವನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಹಳೆಯ ಬೈಸಿಕಲ್ಲನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವವರು, ತಕ್ಕಡಿಯ ಜೊತೆಗೆ ಆಯಾ ಕಾಲದ ನಿಯಮಾವಳಿಯನ್ನೂ ಕೈಯಲ್ಲಿ ಹಿಡಿದಿರಬೇಕು. ಉಕ್ಕು, ಕಾರ್ಬನ್ನು, ಹಲ್ಲುಗಾಲಿಗಳು ಕುಶಲರ ಕೈಯಿಂದ ಹುಟ್ಟಿದವು. ಅವುಗಳಲ್ಲಿ ಯಾವುದು ಯಾವಾಗ ರಸ್ತೆಗಿಳಿಯಬೇಕೆಂಬುದನ್ನು ಮಾತ್ರ ಮನುಷ್ಯರು ಕುಳಿತು, ವಾದಿಸಿ, ನಿರ್ಧರಿಸಿದರು. ಇತರ ಯಂತ್ರಗಳ ಚರಿತ್ರೆಯನ್ನು ಓದುವಾಗಲೂ ಈ ಅಂಶವನ್ನು ವಿದ್ಯಾರ್ಥಿಗಳು ಮರೆಯದಿರುವುದು ಒಳಿತು.